ಪಾಲಕರಿಗೆ ಒಪ್ಪಿಸಲಾಗಿದೆ

ಸ್ನಾನ ಮುಗಿಸಿ ಪೂಜೆಗೆ ಕೂತಾಗಲೂ ಮಹಾಂತಯ್ಯನ ಕಣ್ಣ ಮುಂದೆ ಆ ಹಾಳೆಯೇ ಬರುತ್ತಿತ್ತು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ ಅದರ ಕರಿ ಹೊಳಪಿನೊಳಗೆ ಗೆರೆ ಎಳೆದ ಕೋಷ್ಟಕ ತೇಲುತ್ತಿತ್ತು. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕಾರಕೂನಿಕೆ ಮಾಡಿದವನಿಗೆ ಕಾಗದಗಳು ಕನಸಿನಲ್ಲಿ ಬರುವುದು ಹೊಸದಲ್ಲ. ಪೂಜೆಯಲ್ಲಿ ಬಂದದ್ದು ಇದೇ ಮೊದಲು. ಒಳಕೋಣೆಯಲ್ಲಿ ಮಗಳು ದಾನವ್ವ ಮಗ್ಗುಲು ಬದಲಿಸಿ ನರಳಿದಳು. ಚೊಚ್ಚಲ ಬಾಣಂತನಕ್ಕೆಂದು ಗಂಡನ ಮನೆಯಿಂದ ಬಂದು ಹದಿನೈದು ದಿನವಾಗಿತ್ತು. ಆ ನರಳಿಕೆ ಕಿವಿಗೆ ಬಿದ್ದಾಗ ಅವನಿಗೆ ಮಗಳ ಮೇಲೆ ಮರುಕ ಬರುವ ಬದಲು ಸಿಟ್ಟು ಬಂತು. ಯಾರ ಮೇಲಿನ ಸಿಟ್ಟು ಎಂದು ತಿಳಿಯದೆ ಹಾಗೇ ಕೂತ.

'ಪತ್ರಿ ಏರಿಸೀರೋ ಇಲ್ಲೋ? ಆಗಿಂದ ಹಂಗ ಕೂತೀರಿ,' ಎಂದಳು ಹೆಂಡತಿ ಶರಣವ್ವ, ಅಡಿಗೆಮನೆಯಿಂದ. 'ರೊಟ್ಟಿ ಆರಾಕತ್ತಾವ.'

'ಬಂದೆ,' ಎಂದ. ಏರಿಸಿದ್ದೇನೆ ಅಂದುಕೊಂಡಿದ್ದ. ನೋಡಿದರೆ ಪತ್ರಿ ತಟ್ಟೆಯಲ್ಲಿ ಹಾಗೇ ಇತ್ತು.

ಅದು ಬಹಳ ದೂರದಿಂದ ಬಂದ ಹಾಳೆ. ಸಮುದ್ರದ ಆಚೆ ಜಿನೀವಾ ಎಂಬ ಊರಿನಲ್ಲಿ ದೇಶದೇಶಗಳವರು ಕೂತು, ಹೆಂಗಸರನ್ನೂ ಮಕ್ಕಳನ್ನೂ ಮಾರುವ ವ್ಯಾಪಾರವನ್ನು ನಿಮ್ಮಲ್ಲಿ ಹೇಗೆ ತಡೆದಿರಿ, ಸಿಕ್ಕವರನ್ನು ಹೇಗೆ ಕಾಪಾಡಿದಿರಿ ಎಂದು ವರ್ಷಕ್ಕೊಮ್ಮೆ ಕೇಳುತ್ತಾರೆ. ಆ ಪ್ರಶ್ನೆ ದಿಲ್ಲಿಗೆ ಬಂದು, ದಿಲ್ಲಿಯಿಂದ ಮುಂಬಯಿಗೆ, ಮುಂಬಯಿಯಿಂದ ಜಿಲ್ಲೆಗಳಿಗೆ ಇಳಿದು ಕೊನೆಗೆ ಧಾರವಾಡದ ಒಂದು ಕಚೇರಿಯಲ್ಲಿ ಮಹಾಂತಯ್ಯನ ಮೇಜಿಗೆ ಬಂದು ನಿಲ್ಲುತ್ತದೆ. ಹೋದ ವರ್ಷಗಳಲ್ಲಿ ಅವನು ಅದನ್ನು ಒಂದೇ ತಾಸಿನಲ್ಲಿ ತುಂಬಿ ಮುಗಿಸಿದ್ದ. ಕಾಯಿದೆ ಇದೆಯೋ? ಇದೆ. ಆಶ್ರಮ ಇದೆಯೋ? ಹುಬ್ಬಳ್ಳಿಯಲ್ಲಿ ಇದೆ. ರೈಲು ನಿಲ್ದಾಣದಲ್ಲಿ ಕಾವಲು ಇದೆಯೋ? ಇದೆ. ಈ ಸಲ ಕೊನೆಗೆ ಒಂದು ಹೊಸ ಕಲಮು ಸೇರಿಸಿದ್ದರು: ಹಿಂದಿನ ಎರಡು ವರ್ಷಗಳಲ್ಲಿ ಪಾಲಕರಿಗೆ ಒಪ್ಪಿಸಿದವರು ಈಗ ಯಾವ ಸ್ಥಿತಿಯಲ್ಲಿದ್ದಾರೆ, ವಿಚಾರಿಸಿ ಬರೆಯುವುದು. ಯಾರೋ ಒಬ್ಬ, ಕಾಣದ ಊರಿನಲ್ಲಿ ಕೂತವನು, ಕನ್ನಡವನ್ನೇ ಕೇಳದವನು, ಇಷ್ಟು ದೂರದಿಂದ ಕೈ ಚಾಚಿ ತನ್ನ ಅಂಗಿಯನ್ನು ಹಿಡಿದು ಜಗ್ಗಿದಂತೆ ಮಹಾಂತಯ್ಯನಿಗೆ ಅನಿಸಿತ್ತು. ನಾಲ್ಕು ದಿನದಿಂದ ಅದರ ಮೇಲೆ ಬೇರೆ ಕಾಗದಗಳನ್ನು ಹೇರುತ್ತ ಬಂದಿದ್ದ.

ಮಾಳಮಡ್ಡಿಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಕೊಡೆಯ ಮೇಲೆ ಎರಡೂ ಕೈ ಊರಿ ನಿಂತ. ಹುಬ್ಬಳ್ಳಿಯಿಂದ ಬಂದ ಪುಣೆ ಗಾಡಿ ಎದುರಿಗೆ ಹಾದು ಹೋಗತೊಡಗಿತು. ಒಂದು ಡಬ್ಬಿಯ ಕಿಟಕಿಯಲ್ಲಿ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಹೊರಗೆ ನೋಡುತ್ತಿದ್ದಳು, ಇವನನ್ನಲ್ಲ, ಇವನ ತಲೆಯ ಮೇಲಿನ ಏನನ್ನೋ. ಪಾಲಕರಿಗೆ ಒಪ್ಪಿಸಿದ ಆ ಒಬ್ಬಳೇ ಹುಡುಗಿ, ಹೊಳೆವ್ವ, ಹೋದ ವರ್ಷ ಹಾಗೇ ನೋಡುತ್ತಿದ್ದಳು, ಅವನ ಮೇಜಿನ ಪಕ್ಕ ನಿಂತು, ಗೋಡೆಯ ಗಡಿಯಾರವನ್ನು. ಹದಿನಾಲ್ಕೋ ಹದಿನೈದೋ ವರ್ಷ. ತಾಯಿ ತಂದೆ ಪ್ಲೇಗಿನಲ್ಲಿ ಹೋಗಿದ್ದರು. ಉಪ್ಪಿನಬೆಟಗೇರಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳು. ಹುಬ್ಬಳ್ಳಿ ನಿಲ್ದಾಣದಲ್ಲಿ ಗುರುತಿಲ್ಲದ ಹೆಂಗಸಿನ ಜೋಡಿ ಪುಣೆ ಗಾಡಿಯಲ್ಲಿ ಕೂತಿದ್ದವಳನ್ನು ಪೊಲೀಸು ಜಮಾದಾರ ಕಮರುದ್ದೀನ ಅನುಮಾನ ಬಂದು ಇಳಿಸಿಕೊಂಡಿದ್ದ. ಹೆಂಗಸಿಗೆ ಶಿಕ್ಷೆಯಾಯಿತು. ಹುಡುಗಿ ನಾಲ್ಕು ತಿಂಗಳು ಆಶ್ರಮದಲ್ಲಿದ್ದಳು. ಆಮೇಲೆ ಮಾವ ಅರ್ಜಿ ಕೊಟ್ಟ: ನನ್ನ ಅಕ್ಕನ ಮಗಳು, ನನಗೆ ಒಪ್ಪಿಸಬೇಕು. ಆಶ್ರಮ ನಡೆಸುವ ನಿರುಪಮಾಬಾಯಿ ಹುಡುಗಿಯನ್ನು ಕರೆದುಕೊಂಡು ಬಂದು, ಅವಳನ್ನು ಇವನ ಮೇಜಿನ ಹತ್ತಿರ ನಿಲ್ಲಿಸಿ, ಸಾಹೇಬರ ಕೋಣೆಯೊಳಗೆ ಹೋಗಿದ್ದರು. ಮಾವ ಹೊರಗೆ ಪಡಸಾಲೆಯಲ್ಲಿ ಕೂತಿದ್ದ. ಒಪ್ಪಿಸುವ ಪತ್ರವನ್ನು ಮಹಾಂತಯ್ಯ ಬರೆದು ಮುಗಿಸಿ ಶಾಯಿ ಆರಲೆಂದು ಊದುತ್ತಿದ್ದ.

'ಅಯ್ಯಾರ,' ಎಂದಿದ್ದಳು ಹುಡುಗಿ ತಗ್ಗಿದ ದನಿಯಲ್ಲಿ. ಅವನ ಹಣೆಯ ವಿಭೂತಿ ನೋಡಿ ಹಾಗೆ ಕರೆದಿರಬೇಕು. 'ನನ್ನ ಗಾಡಿ ಹತ್ತಿಸಿದಾಂವ ಮಾಮಾನರೀ. ಆ ಹೆಂಗಸಿನ ಕೈಯಾಗ ನನ್ನ ಕೈ ಕೊಟ್ಟಾಂವ ಅಂವನ.'

ಅವನು ಊದುವುದನ್ನು ನಿಲ್ಲಿಸಿದ. 'ಜಬಾನಿ ಬರಕೊಳ್ಳುವಾಗ ಯಾಕ ಹೇಳಲಿಲ್ಲ ಇದನ್ನ?'

'ಯಾರೂ ಕೇಳಲಿಲ್ರಿ. ಯಾರ ಸಂಗಾಟ ಹೊಂಟಿದ್ದಿ ಅಂತ ಕೇಳಿದ್ರು. ಯಾರು ಕಳಿಸಿದ್ರು ಅಂತ ಕೇಳಲಿಲ್ಲ.'

ಅವಳ ಹೇಳಿಕೆಯ ಆ ಜಬಾನಿ ಬರೆದುಕೊಂಡವನು ಅವನೇ. ಅವಳ ಮಾತು ಕೇಳಿ ಅವನೂ ಗಡಿಯಾರ ನೋಡಿದ್ದ. ನಾಲ್ಕೂ ಕಾಲು. ಐದಕ್ಕೆ ಹೆಬ್ಬಳ್ಳಿಯಿಂದ ದಾನವ್ವನನ್ನು ನೋಡಲು ಬೀಗರಾಗುವವರು ಬರುವವರಿದ್ದರು. ಈ ಫೈಲು ಮುಗಿಸಿದರೆ ಮಾತ್ರ ಬೇಗ ಹೋಗಬಹುದು ಎಂದು ಮುಖ್ಯ ಕಾರಕೂನರಾದ ಚಿಟ್ನೀಸರು ಎಲ್ಲರ ಎದುರಿಗೆ ಹೇಳಿದ್ದರು, ಸಾಲೆಯ ಹುಡುಗನಿಗೆ ಹೇಳಿದ ಹಾಗೆ. ಹುಡುಗಿಯ ಮಾತು ಬರೆದುಕೊಂಡರೆ ಪತ್ರ ನಿಲ್ಲುತ್ತದೆ. ಸಾಹೇಬರು ಮತ್ತೆ ವಿಚಾರಣೆಗೆ ಇಡುತ್ತಾರೆ. ದೀಪ ಹಚ್ಚುವ ತನಕ ಕೂಡಬೇಕು. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದ್ದ. ಅಷ್ಟು ಲಗೂ ತನ್ನ ತಲೆ ಓಡಿದ್ದು ಈಗ ನೆನೆದರೆ ನಾಚಿಕೆಯಾಗುತ್ತಿತ್ತು. 'ಸುಮ್ಮನಿರು ತಂಗಿ,' ಎಂದಿದ್ದ. 'ಈಗ ಸರಕಾರದ ಕಾಗದ ಆಗೇತಿ. ಇನ್ನ ನಿನಗ ಯಾರೂ ಏನೂ ಮಾಡಾಂಗಿಲ್ಲ.' ಅವಳು ಅದನ್ನು ನಂಬಿದ್ದಳು. ತಲೆಯಾಡಿಸಿದ್ದಳು. ನಂಬದೆ ಅತ್ತಿದ್ದರೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಗೇಟು ತೆರೆದು ಚಕ್ಕಡಿಗಳೆಲ್ಲ ದಾಟಿ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಗೇಟಿನವನು 'ದಾಟ್ರಿ ಸಾಹೇಬ್ರ,' ಎಂದು ಕೂಗಿದ.

'ಏನ್ರಿ ಅಯ್ಯನವರ, ಜಿನೀವಾದವರು ಊಟ ಬಿಟ್ಟು ನಿಮ್ಮ ಹಾದಿ ಕಾಯ್ಲಿಕ್ಕೆ ಹತ್ಯಾರ,' ಎಂದರು ಚಿಟ್ನೀಸರು, ಅವನು ಕಚೇರಿ ಹೊಕ್ಕ ಕೂಡಲೇ. ಉಳಿದ ಕಾರಕೂನರು ನಕ್ಕರು.

'ಒಂದ ಕಲಮು ಉಳದೈತ್ರಿ. ಈಗಿನ ಸ್ಥಿತಿ.'

'ತೃಪ್ತಿಕರ ಅಂತ ಬರೀರಿ. ಅದಕ್ಕ ನಾಕು ದಿನ ಬೇಕೇನು?'

'ವಿಚಾರಿಸಿ ಬರೀಬೇಕು ಅಂತ ಐತ್ರಿ.'

'ಅದು ಅವರು ಬರೀಬೇಕಾದ ಮಾತು, ಬರದಾರ. ನಾವು ಬರೀಬೇಕಾದ್ದು ನಾವು ಬರಿಯೋಣ.'

ಮಹಾಂತಯ್ಯ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. 'ರವಿವಾರ ನಾನ ಹೋಗಿ ನೋಡಿಕೊಂಡು ಬರತೇನ್ರಿ. ಉಪ್ಪಿನಬೆಟಗೇರಿ ದೂರೇನಿಲ್ಲ.'

ಚಿಟ್ನೀಸರು ಚಾಳೀಸು ಕೆಳಗಿಳಿಸಿ ನೋಡಿದರು. 'ಸರಕಾರದ ಕೆಲಸಕ್ಕ ಹೊಂಟೀರೋ, ಪುಣ್ಯಕ್ಕ ಹೊಂಟೀರೋ?'

ಮತ್ತೆ ನಗು. ಅವನೂ ಸಣ್ಣಗೆ ನಕ್ಕ, ಹಾಗೆ ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು.

ರವಿವಾರ ಉಪ್ಪಿನಬೆಟಗೇರಿಗೆ ತಿರುಗಿ ಹೊರಟಿದ್ದ ಒಂದು ಚಕ್ಕಡಿಯಲ್ಲಿ ಜಾಗ ಸಿಕ್ಕಿತು. ಎರಡೂ ಕಡೆ ಎರೆಹೊಲ, ಮೊಣಕಾಲುದ್ದ ಬೆಳೆದ ಹಿಂಗಾರಿ ಜೋಳ. ಗಾಡಿಯವನು ಏನೇನೋ ಮಾತಾಡುತ್ತಿದ್ದ. ಇವನು ಹೂಂಗುಟ್ಟುತ್ತ, ಹುಡುಗಿ ಮನೆಯಲ್ಲಿದ್ದರೆ ಏನು ಕೇಳುವುದು ಎಂದು ಒಳಗೊಳಗೇ ಮಾತು ಜೋಡಿಸುತ್ತಿದ್ದ. ಛಲೋ ಇದ್ದೀಯೇನವ್ವ? ಅವಳು ಹೌದ್ರಿ ಅಂದರೆ ಸಾಕು. ಹಿಟ್ಟು ಹತ್ತಿದ ಕೈಯಲ್ಲಿ ಬಾಗಿಲಿಗೆ ಬಂದು, ಇವನ ಗುರುತು ಹತ್ತದೆ ನಿಂತರೂ ಸಾಕು. ಒಮ್ಮೆ ಅವಳು ಬಾಗಿಲಲ್ಲಿ ನಿಂತದ್ದು ಎಷ್ಟು ನಿಚ್ಚಳವಾಗಿ ಕಂಡಿತೆಂದರೆ, ಊರು ಬರುವ ಹೊತ್ತಿಗೆ ಅವನ ಎದೆ ಹಗುರಾಗಿತ್ತು.

ಮಾವ ಬೀರಲಿಂಗಪ್ಪನ ಮನೆಯ ಮುಂದೆ ಹೊಸ ಜೋಡೆತ್ತು ಕಟ್ಟಿದ್ದವು. ಅವನು ಇವನನ್ನು ಕಂಡ ಕೂಡಲೇ ತಲೆಯ ರುಮಾಲು ಸರಿಪಡಿಸಿಕೊಂಡು ಓಡಿ ಬಂದ. ಅಂಜಿ ಬಂದವನ ಹಾಗಿರಲಿಲ್ಲ. ಖರೇ ಸಂತೋಷವೇ ಮುಖದಲ್ಲಿತ್ತು. 'ಅಯ್ಯಾರ ಪಾದ ಬಂತು ನಮ್ಮ ಮನಿಗಿ,' ಎಂದ. ಪಕ್ಕದ ಮನೆಯವನಿಗೆ, 'ಶಿದ್ದಪ್ಪಾ, ಅಯ್ಯಾರು ಬಂದಾರ, ಒಂದ ಚರಿಗಿ ಹಾಲ ಕಳಸು,' ಎಂದು ಕೂಗಿ ಹೇಳಿದ. ತಾನೇ ನೀರು ತಂದು ಪಾದ ತೊಳೆಯಲು ಕೂತ. ಬೇಡ ಎನ್ನಬೇಕಾಗಿತ್ತು. ಕಾಲು ಹಿಂದೆ ತೆಗೆದುಕೊಳ್ಳಬೇಕಾಗಿತ್ತು. ತಣ್ಣಗಿನ ನೀರು ಧೂಳಿನ ಪಾದದ ಮೇಲೆ ಬಿದ್ದಾಗ ಹಾಯೆನಿಸಿತು. ಆ ಸುಖವನ್ನು ತಡೆಯಲು ಅವನಿಂದಾಗಲಿಲ್ಲ. ಬೀರಲಿಂಗಪ್ಪ ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಂಡ. ಒಳಗೆ ಅವನ ಹೆಂಡತಿ ಮಾಳವ್ವ ಗೋಡೆಗೆ ಬೆನ್ನು ಹಚ್ಚಿ ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ಒಂದು ಸಲ ನಿಂತು ಮತ್ತೆ ಶುರುವಾಯಿತು.

'ಹುಡುಗಿ ಎಲ್ಲೂ ಕಾಣಲಿಲ್ಲ?' ಎಂದ ಮಹಾಂತಯ್ಯ.

'ಹೊಳೆವ್ವ ಏನ್ರಿ? ಲಗ್ನ ಮಾಡಿಕೊಟ್ಟೀವ್ರಿ. ಮ್ಯಾಲಿನ ಸೀಮ್ಯಾಗ ಅದಾಳ, ಮೀರಜಿನ ಆಚೀಕ.'

'ಯಾವ ಊರು?'

'ಮರಾಠಿ ಹೆಸರ್ರಿ. ನನ್ನ ಬಾಯಾಗ ಹೊಳ್ಳಂಗಿಲ್ಲ.'

'ಗಂಡನ ಹೆಸರು?'

ಬೀರಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ಮೊರದಿಂದ ತಲೆಯೆತ್ತಲಿಲ್ಲ. ಆಗ ಪಕ್ಕದ ಮನೆಯವನು ಹಾಲಿನ ಚರಿಗೆ ತಂದು ಕಟ್ಟೆಯ ಮೇಲಿಟ್ಟು ಹೋದ. 'ಶಿದ್ದಪ್ಪ ಅಂತರಿ,' ಎಂದ ಬೀರಲಿಂಗಪ್ಪ.

ಸುಳ್ಳು ಇಬ್ಬರಿಗೂ ಕಂಡಿತ್ತು, ನಡುವೆ ಇಟ್ಟ ಹಾಲಿನ ಹಾಗೆ. ಇಲ್ಲಿ ಎದ್ದು ನಿಂತು ಗದರಿಸಬೇಕು, ಗೌಡರನ್ನು ಕರೆಸಬೇಕು, ಪೊಲೀಸು ಎನ್ನಬೇಕು ಎಂದು ಮಹಾಂತಯ್ಯನ ತಲೆ ಹೇಳುತ್ತಿತ್ತು. 'ತಗೋರಿ, ಆರತೈತಿ,' ಎಂದ ಬೀರಲಿಂಗಪ್ಪ. ಮಹಾಂತಯ್ಯ ಚರಿಗೆ ಎತ್ತಿಕೊಂಡು ಕುಡಿದ. ಬೆಲ್ಲ ಹಾಕಿದ್ದರು.

ಊರ ಹೊರಗಿನ ಬೇವಿನ ಮರ ದಾಟುವಾಗ ಹಿಂದಿನಿಂದ ಹೆಜ್ಜೆಯ ಸಪ್ಪಳ ಕೇಳಿತು. ಮಾಳವ್ವ ಸೆಗಣಿ ಬುಟ್ಟಿ ಹೊತ್ತುಕೊಂಡು ಬಂದಿದ್ದಳು, ಬುಟ್ಟಿ ಖಾಲಿಯಿತ್ತು. ಐವತ್ತರ ಹತ್ತಿರದ, ಒಣಗಿದ ಹೆಂಗಸು. ದೂರವೇ ನಿಂತು ಹೊಲದ ಕಡೆ ಮುಖ ಮಾಡಿ ಮಾತಾಡಿದಳು, ನೋಡಿದವರಿಗೆ ಇಬ್ಬರೂ ಬೇರೆ ಬೇರೆ ಹೊರಟವರೆಂದು ಕಾಣಲಿ ಎಂಬಂತೆ.

'ಅಕಿ ಲಗ್ನಕ್ಕ ಅಕ್ಕಿಕಾಳ ಹಾಕಿದವ್ರು ಈ ಊರಾಗ ಯಾರೂ ಇಲ್ರಿ, ಅಯ್ಯಾರ.'

'ಮತ್ತ ಎಲ್ಲೆ ಹೋದಳವ್ವ?'

'ಎಂಟ ದಿನ ಮನ್ಯಾಗ ಇದ್ಲು. ಒಂಬತ್ತನೇ ದಿನ ನಮ್ಮ ಮನಿಯವರು ಹುಬ್ಬಳ್ಳಿಗಿ ಕರಕೊಂಡು ಹೋದ್ರು. ಇವರೊಬ್ಬರ ತಿರುಗಿ ಬಂದ್ರು.' ಅವಳು ಬುಟ್ಟಿಯನ್ನು ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಿಸಿದಳು. 'ನೀವು ಸರಕಾರದಾಗ ಇದ್ದವ್ರು. ಎಲ್ಲಿ ಅದಾಳ ಅಂತ ತಿಳದ್ರ ನನಗ ಹೇಳ್ರಿ. ಮಂಗಳವಾರ ಮಂಗಳವಾರ ಧಾರವಾಡ ಸಂತಿಗಿ ಬರತೇನಿ. ನಿಮ್ಮ ಕಚೇರಿ ಮುಂದ ಕೂಡತೇನಿ.'

ಸೋಮವಾರ ಮಹಾಂತಯ್ಯ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು ಆ ಕಲಮಿನ ಎದುರಿಗೆ ಬರೆದ: ಹುಡುಗಿ ಊರಲ್ಲಿಲ್ಲ. ಮೊದಲ ಸಲವೂ ಅವಳನ್ನು ಮಾರಿದವನು ಸೋದರಮಾವನೇ ಎಂದು ಹುಡುಗಿ ಈ ಕಚೇರಿಯ ಕಾರಕೂನನಿಗೆ ಹೇಳಿದ್ದಳು, ಕಾರಕೂನ ಅದನ್ನು ಬರೆದುಕೊಳ್ಳಲಿಲ್ಲ, ಆ ಮಾವನಿಗೇ ಒಪ್ಪಿಸಲಾಯಿತು, ಈಗ ಎಲ್ಲಿದ್ದಾಳೋ ತಿಳಿಯದು. ಬರೆದ ಮೇಲೆ ಜ್ವರ ಬಿಟ್ಟವನ ಹಾಗೆ ಬೆವೆತ. ಚಿಟ್ನೀಸರು ಓದಿ ಸಿಟ್ಟಾಗುತ್ತಾರೆ, ಎಲ್ಲರೆದುರು ಕೂಗಾಡುತ್ತಾರೆ ಎಂದು ಕಾದ. ಅದು ಬೇಕಾಗಿತ್ತು ಕೂಡ. ಚಿಟ್ನೀಸರು ಕೂಗಾಡಲಿಲ್ಲ. ಎರಡು ಸಲ ಓದಿ, ಹಾಳೆಯನ್ನು ಮಡಚಿ, ಅವನ ಭುಜದ ಮೇಲೆ ಕೈಯಿಟ್ಟು ಹಿತ್ತಲ ಪಡಸಾಲೆಗೆ ಕರೆದುಕೊಂಡು ಹೋದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು.

'ಇದು ಮುಂಬಯಿಗೆ ಹೋದರ ಹುಡುಗಿ ತಿರುಗಿ ಬರ್ತಾಳೇನ್ರಿ?' ಎಂದರು ಮೆಲ್ಲಗೆ. 'ಬರೋದು ನಿಮ್ಮ ಹೆಸರಿಗೆ ಒಂದು ಮೆಮೋ. ಆ ಕಾರಕೂನ ಯಾರು ಅಂತ ಕೇಳ್ತಾರ. ನೌಕರಿ ಹೋಗ್ತದ. ಮನ್ಯಾಗ ಮಗಳು ಬಾಣಂತನಕ್ಕ ಬಂದಾಳ ಅಂತ ಕೇಳೀನಿ.'

'ಸುಳ್ಳ ಹೆಂಗ ಬರೀಲಿ?'

'ಸುಳ್ಳು ಯಾಕ? ನೀವು ಹೋಗಿ ವಿಚಾರಿಸಿದ್ರಿ. ಮಾವ ಲಗ್ನ ಆಗ್ಯದ ಅಂದ. ಅವಂದ ಮಾತು ನೀವು ಬರದ್ರಿ. ಅದರಾಗ ನಿಮ್ಮ ಸುಳ್ಳು ಎಲ್ಲದ?'

ಹೊಸ ಹಾಳೆಯನ್ನು ಅವರೇ ತಂದು ಕೊಟ್ಟರು. ಚಿಟ್ನೀಸರು ಕೆಟ್ಟವರಾಗಿದ್ದರೆ ಎದುರು ಮಾತಾಡಬಹುದಾಗಿತ್ತು. ಆ ದಿನ ಅವರು ಅಣ್ಣನ ಹಾಗೆ ಪಕ್ಕದಲ್ಲಿ ಕೂತಿದ್ದರು. ಮಹಾಂತಯ್ಯ ಬರೆದ: ವಿವಾಹಿತೆ, ಸ್ಥಿತಿ ತೃಪ್ತಿಕರ. ಅಕ್ಷರಗಳು ದುಂಡಗೆ ಬಂದವು. ಮನೆಗೆ ಹೋಗಿ ಊಟ ಮಾಡಿದ. ಶರಣವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಶನಿವಾರ ಮಧ್ಯಾಹ್ನ ಹುಬ್ಬಳ್ಳಿಗೆ ಹೋದದ್ದು ಯಾತಕ್ಕೆಂದು ಅವನಿಗೇ ಗೊತ್ತಿರಲಿಲ್ಲ. ಶರಣವ್ವನಿಗೆ, ಬಾಣಂತಿಗೆ ಬೇಕಾದ ಔಷಧಿ ಸಾಮಾನು ತರುತ್ತೇನೆಂದು ಹೇಳಿದ್ದ. ನಿಲ್ದಾಣದಲ್ಲಿ ಇಳಿದವನು ಪೇಟೆಯ ಕಡೆ ಹೋಗದೆ ಅಲ್ಲೇ ಅಡ್ಡಾಡಿದ. ಜಮಾದಾರ ಕಮರುದ್ದೀನ ನೀರಿನ ತೊಟ್ಟಿಯ ಹತ್ತಿರ ಬಾಕಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬಿಳಿ ಮೀಸೆಯ, ಪಿಂಚಣಿಗೆ ಹತ್ತಿರ ಬಂದ ಮನುಷ್ಯ. ಕೋರ್ಟಿನ ಕೆಲಸದ ಮೇಲೆ ಕಚೇರಿಗೆ ಬಂದಾಗ ಮಾತಾಡಿಸಿದ ಗುರುತಿತ್ತು.

'ಹೊಳೆವ್ವ?' ಎಂದ ಕಮರುದ್ದೀನ. 'ನೆನಪಿಲ್ಲದ ಏನ್ರಿ? ಎರಡ ಸಲ ಹಿಡದ ಹುಡುಗಿ.'

'ಎರಡ ಸಲ?'

'ಮತ್ತೊಮ್ಮಿ ಬಂದಿತ್ತಲ್ರಿ. ಪುಣೆ ಗಾಡಿನ, ಮಧ್ಯಾಹ್ನದ್ದು. ಈ ಸಲ ಜೋಡಿ ಒಬ್ಬ ಗಂಡಸು. ನಾನು ದೂರಿಂದನ ಗುರತ ಹಿಡದೆ. ಹುಡುಗೀನೂ ನನ್ನ ನೋಡ್ತು. ನೋಡಿ ನಕ್ಕಿತ್ರಿ.' ಕಮರುದ್ದೀನ ಎಲೆಯನ್ನು ಮಡಚಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. 'ಜಮಾದಾರ ಕಾಕಾ ಬಂದಾ, ಇನ್ನ ಇಳಸ್ತಾನ ಅಂತ ತಿಳಕೊಂಡಿತ್ತು ಕಾಣಸ್ತೈತಿ. ನಾ ಹೋಗಿ ಅಂವನ ಕೊಳ್ಳಪಟ್ಟಿಗೆ ಕೈ ಹಾಕಿದೆ. ಅಂವ ಕಿಸೆದಿಂದ ಒಂದ ಕಾಗದ ತಗದ. ನಿಮ್ಮ ಕಚೇರಿ ಕಾಗದ, ಮುದ್ರಿ ಸಹಿತ. ಇಂವ ಹುಡುಗಿ ಮಾವ, ಹುಡುಗೀನ ಇವಗ ಒಪ್ಪಿಸೇತಿ ಅಂತ. ಸರಕಾರನ ಕೊಟ್ಟ ಮ್ಯಾಲೆ ನಾ ಯಾರ್ರಿ ಕೇಳಾಕ? ತಪ್ಪ ಆತಪಾ ಅಂದೆ. ಡಬ್ಬಿ ತುಂಬಿತ್ತು. ಮಂದೀನ ಸರಿಸಿ ನಾನ ಕಿಟಕಿ ಕಡೆ ಜಾಗಾ ಮಾಡಿ ಕೂಡಿಸಿದೆ ಹುಡುಗೀನ. ಆಗ ಅದು ನಗಾಕತ್ತಿದ್ದಿಲ್ಲ.'

ಮಹಾಂತಯ್ಯ ಬಾಕಿನ ಇನ್ನೊಂದು ತುದಿಗೆ ಕೂತ. ಸುಮ್ಮನಿರು ತಂಗಿ, ಈಗ ಸರಕಾರದ ಕಾಗದ ಆಗೇತಿ. ಆ ಕಾಗದವಿಲ್ಲದೆ ಅವಳು ಹೊರಟಿದ್ದರೆ ಈ ಮುದುಕ ಅವಳನ್ನು ಎರಡನೆಯ ಸಲವೂ ಇಳಿಸಿಕೊಳ್ಳುತ್ತಿದ್ದ. ಮೂರನೆಯ ಸಲವೂ. ಅವಳನ್ನು ಮಾರುವವನಿಗೆ ಇದ್ದ ಒಂದೇ ಅಡಚಣೆ ಈ ಕಮರುದ್ದೀನನಾಗಿದ್ದ. ಅದನ್ನು ತಾನು ದುಂಡಗಿನ ಅಕ್ಷರದಲ್ಲಿ ಬರೆದು ತೆಗೆದುಹಾಕಿದ್ದ.

'ಯಾಕ್ರಿ, ನೀರು ಕುಡೀತೀರೇನು?' ಎಂದ ಕಮರುದ್ದೀನ. ಮಡಚಿದ ಎಲೆ ಕೈಯಲ್ಲೇ ಹಿಡಿದು, 'ಕಾಗದ ಖರೇದಿತ್ತಲ್ಲರೀ?' ಎಂದು ಕೇಳಿದ. ಅವನಿಗೂ ಎಷ್ಟೋ ದಿನದಿಂದ ಆ ಅನುಮಾನ ಕಾಡಿರಬೇಕು.

'ಖರೇದ ಇತ್ತು,' ಎಂದ ಮಹಾಂತಯ್ಯ.

ಅಲ್ಲೇ ಕೂತು ತನ್ನ ಸ್ವಂತ ಹೆಸರಿನಲ್ಲಿ ಅರ್ಜಿ ಬರೆದ: ಹುಡುಗಿಯ ವಯಸ್ಸು, ಚಹರೆ, ಹೋದ ಗಾಡಿ. ತಾನು ಕೇಳಿಯೂ ಬರೆದುಕೊಳ್ಳದ ಮಾತನ್ನೂ ಬರೆದ. ಕಮರುದ್ದೀನ ಅದನ್ನು ಮೀರಜಿಗೂ ಪುಣೆಗೂ ಕಳಿಸಿಕೊಟ್ಟ. ಬೀರಲಿಂಗಪ್ಪನನ್ನು ಒಮ್ಮೆ ಠಾಣೆಗೆ ಕರೆಸಿ ಕೇಳಿದರು. ಹುಡುಗಿ ಗಂಡನ ಮನೆಯಲ್ಲಿದ್ದಾಳೆಂದ. ಇಲ್ಲವೆಂದು ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಕಚೇರಿಯ ಕಾಗದದಲ್ಲೂ ಅವಳು ವಿವಾಹಿತೆ ಎಂದೇ ಇತ್ತು. ಕಳಿಸಿಬಿಟ್ಟರು. ಎರಡು ತಿಂಗಳ ಮೇಲೆ ಮೀರಜಿನಿಂದ ಉತ್ತರ ಬಂತು, ಆ ಹೆಸರಿನವರು ಪತ್ತೆಯಿಲ್ಲ ಎಂದು. ಪುಣೆಯಿಂದ ಉತ್ತರವೇ ಬರಲಿಲ್ಲ. ಅರ್ಜಿಯ ಸುದ್ದಿ ಸಾಹೇಬರಿಗೆ ಮುಟ್ಟಿ, ಮಹಾಂತಯ್ಯನನ್ನು ಕಾಗದಪತ್ರ ಬರೆಯುವ ಮೇಜಿನಿಂದ ತೆಗೆದು ಹಳೆಯ ದಫ್ತರಗಳ ಕೋಣೆಗೆ ಹಾಕಿದರು. ಧೂಳಿಗೆ ಕೆಮ್ಮು ಹತ್ತಿತು. ದಾನವ್ವ ಹೆಣ್ಣು ಹಡೆದಳು. ಶರಣವ್ವ ಕೂಸನ್ನು ತಂದು, 'ಮುತ್ಯಾ ಎತ್ತಿಕೊಳ್ಳಲಿ,' ಎಂದು ಮುಂದೆ ಹಿಡಿದಾಗ ಅವನು ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದ. ಬಾವಿಯ ಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತ. ಒಳಗೆ ಬಂದಾಗ ಕೂಸು ನಿದ್ದೆ ಹೋಗಿತ್ತು.

ಮಂಗಳವಾರ ಮಂಗಳವಾರ ಮಾಳವ್ವ ಬಂದಳು. ಬೆಣ್ಣೆಯನ್ನೋ ಕಾಯಿಪಲ್ಲೆಯನ್ನೋ ಮಾರಿ, ಖಾಲಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ಕೂಡುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಅವನು ಹೊರಗೆ ಬರುತ್ತಿದ್ದ. 'ಸುದ್ದಿ ಬಂತೇನ್ರಿ ಅಯ್ಯಾರ?' 'ಇಲ್ಲವ್ವ.' ಇಷ್ಟೇ ಮಾತು. ಆಮೇಲೂ ಅವಳು ಏಳುತ್ತಿರಲಿಲ್ಲ, ಅವನೂ ಒಳಗೆ ಹೋಗುತ್ತಿರಲಿಲ್ಲ. ಮೊದಮೊದಲು ಕಾರಕೂನರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಆಮೇಲೆ ಅದೂ ಹಳೆಯದಾಯಿತು. ಎಲ್ಲವನ್ನೂ ಹೇಳಿಬಿಡಬೇಕೆಂದು ಪ್ರತಿ ಮಂಗಳವಾರ ಹೊರಗೆ ಬರುತ್ತಿದ್ದ. ಅವಳು ಅಯ್ಯಾರ ಎಂದು ಕರೆದ ಕೂಡಲೇ ಬಾಯಿ ಕಟ್ಟುತ್ತಿತ್ತು. ಈ ಊರಿನಲ್ಲಿ ತನ್ನಿಂದ ಇನ್ನೂ ಏನೋ ಆಗುತ್ತದೆಂದು ನಂಬಿದವಳು ಇವಳೊಬ್ಬಳೇ. ಹೇಳಿದರೆ ಅದೂ ಹೋಗುತ್ತದೆ. ಹೀಗೆ ಒಂದು ಮಳೆಗಾಲ ಕಳೆಯಿತು.

ಇನ್ನೊಂದು ವರ್ಷದ ಸುಗ್ಗಿಯ ಹೊತ್ತಿಗೆ ಮುಂಬಯಿಯಿಂದ ಅಚ್ಚಾದ ಪುಸ್ತಕ ಬಂತು, ನೀಲಿ ರಟ್ಟಿನದು. ಎಲ್ಲ ಜಿಲ್ಲೆಗಳ ಉತ್ತರಗಳನ್ನು ಕೂಡಿಸಿ, ತೂಗಿ ನೋಡಿ, ಕೈಕೊಂಡ ಕ್ರಮಗಳು ಒಟ್ಟಿನಲ್ಲಿ ಸಮಾಧಾನಕರವಾಗಿವೆ ಎಂದು ಇಂಗ್ಲೀಷಿನಲ್ಲಿ ಬರೆದಿತ್ತು. ನೋಡಬೇಕಾದವರೆಲ್ಲ ಸಹಿ ಹಾಕಿದ ಮೇಲೆ ದಫ್ತರದ ಕೋಣೆಗೆ ಬಂತು. ಅದನ್ನು ಕಪಾಟಿನಲ್ಲಿ ಇಡುವವನು ಮಹಾಂತಯ್ಯನೇ. ಆ ದಿನ ಮಂಗಳವಾರವಾಗಿತ್ತು. ಪುಸ್ತಕ ಕೈಯಲ್ಲಿರುವಾಗಲೇ ಮರದ ಕೆಳಗೆ ಬಂದ.

'ಸುದ್ದಿ ಬಂತೇನ್ರಿ ಅಯ್ಯಾರ?'

'ಇಲ್ಲವ್ವ.'

'ಅದೇನ್ರಿ ಕೈಯಾಗ?'

'ಸರಕಾರದ ಪುಸ್ತಕ. ಹಿಂಗ ಸಿಕ್ಕ ಹೆಣ್ಮಕ್ಕಳದು.'

ಮಾಳವ್ವ ಎದ್ದು ನಿಂತಳು. 'ನಮ್ಮ ಹೊಳೆವ್ವ ಅದರಾಗ ಅದಾಳೇನ್ರಿ?'

ಇಲ್ಲವೆನ್ನಬಹುದಾಗಿತ್ತು. ಅವನು ಬೇರಿನ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲೆ ತೆರೆದ. ಅವಳು ಮೊಣಕಾಲೂರಿ ಹತ್ತಿರ ಕೂತಳು. ಜಿಲ್ಲೆಗಳ ಹೆಸರು ಉದ್ದಕ್ಕೆ, ಗೆರೆಗಳು ಅಡ್ಡಕ್ಕೆ. ಧಾರವಾಡದ ಎದುರಿಗೆ, ಪಾಲಕರಿಗೆ ಒಪ್ಪಿಸಲಾಗಿದೆ ಎಂಬ ಕಲಮಿನಲ್ಲಿ ಇಂಗ್ಲೀಷಿನ ಒಂದು ಅಂಕಿ. 'ಇಲ್ಲೆ,' ಎಂದು ತೋರಿಸಿದ.

ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡು ಅದರ ಕೆಳಗೆ ಇಟ್ಟಳು. 'ಇಷ್ಟ ಏನ್ರಿ?'

'ಇಷ್ಟ.'

'ಹೆಸರ ಇಲ್ಲೇನ್ರಿ?'

'ಹೆಸರ ಬರಿಯಂಗಿಲ್ಲವ್ವ. ಎಷ್ಟ ಮಂದಿ ಅಂತಷ್ಟ.'

ಅವಳು ಬಾಗಿ ನೋಡಿದಳು. ಆ ಸಣ್ಣ ನೆಟ್ಟಗಿನ ಗೆರೆಯ ಅಕ್ಕಪಕ್ಕ ಕಾಗದ ಬೆಳ್ಳಗಿತ್ತು. 'ಒಬ್ಬಾಕಿನ ನಿಂತಾಳಲ್ರಿ,' ಎಂದಳು.

ಹೇಳದೆ ಇರಲು ಇನ್ನು ಮಹಾಂತಯ್ಯನಿಂದ ಆಗಲಿಲ್ಲ. 'ಮಾಳವ್ವ, ಆ ಹುಡುಗಿ ನನಗ ಹೇಳಿದ್ಲು. ಆ ದಿನ ಕಚೇರ್‍ಯಾಗ, ನನ್ನ ಮಗ್ಗಲಾಗ ನಿಂತು. ಗಾಡಿ ಹತ್ತಿಸಿದಾಂವ ಮಾಮಾನ ಅಂತ. ಕೇಳಿನೂ ನಾ ಆ ಕಾಗದ ಕೊಟ್ಟೆ. ಅದನ್ನ ತೋರಿಸಿ ಅಂವ ಅಕಿನ್ನ ಒಯ್ದ. ನಾ ಕೊಡದಿದ್ರ ಜಮಾದಾರ ಬಿಡತಿರಲಿಲ್ಲ.'

ಮುಖಕ್ಕೆ ಉಗುಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದ. ಸಂತೆಯಿಂದ ತಿರುಗಿದ ಚಕ್ಕಡಿಗಳು ರಸ್ತೆಯಲ್ಲಿ ಹೋಗುತ್ತಿದ್ದವು. ಮಾಳವ್ವನ ಬೆರಳು ಆ ಗೆರೆಯ ಹತ್ತಿರವೇ ಇತ್ತು.

'ನನಗೂ ಹೇಳಿದ್ಲರಿ,' ಎಂದಳು. 'ಮನಿಗಿ ಬಂದ ದಿನಾನ ಹೇಳಿದ್ಲು. ಅತ್ತಿ, ಮತ್ತ ನನ್ನ ಕಳಸ್ತಾನ, ನೀ ಕಳಸಬ್ಯಾಡ ಅಂದ್ಲು. ಇಲ್ಲ ಕಳಸಂಗಿಲ್ಲ ಅಂದೆ. ಒಂಬತ್ತನೇ ದಿನ ಮುಂಜಾನಿ ಎಣ್ಣಿ ಹಚ್ಚಿ, ತಲಿ ಹಿಕ್ಕಿ, ಹೆರಳ ಹಾಕಿ ಕಳಿಸಿದಾಕಿ ನಾನರಿ.'